ಅಂಗೈಗೆ ಹತ್ತಿದ ಅಂಟು

“ಕೈ ತೋರಿಸು ನೋಡೋಣ,” ಎಂದೆ.

“ಯಾಕೆ ಮೇಡಂ, ಭವಿಷ್ಯ ಹೇಳ್ತೀರಾ?” ಎಂದು ನಕ್ಕ ಹೊಲಿಗೆಯ ಹುಡುಗಿ ಸೂಜಿ, ನಗುತ್ತಲೇ ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು.

“ಭವಿಷ್ಯ ನನಗೆ ಬರಲ್ಲಮ್ಮ. ಪೊಲೀಸ್ ಕೆಲಸದಲ್ಲಿದ್ದಾಗಲೂ ಅಷ್ಟೇ, ಬಿಟ್ಟ ಮೇಲೂ ಅಷ್ಟೇ. ಆಗಿಹೋಗಿದ್ದನ್ನ ಕೆದಕೋದೇ ನನ್ನ ಕಸುಬು. ತೋರಿಸು.”

ತಿನ್ನುತ್ತಿದ್ದ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು ಅವಳು ಕೈಗಳನ್ನು ಮೇಜಿನ ಮೇಲಿಟ್ಟಳು. ಇಪ್ಪತ್ತು ವರ್ಷ ಪೊಲೀಸ್ ಠಾಣೆಯಲ್ಲಿ ಕಂಡ ಗಾಯಗಳು ಕಡಿಮೆಯೇನಲ್ಲ. ಆದರೂ ಒಂದು ಕ್ಷಣ ಮುಖ ತಿರುಗಿಸಬೇಕೆನಿಸಿತು.

ಬೆರಳ ಸಂದಿಗಳಲ್ಲಿ ಚರ್ಮ ಸೀಳಿ ಕೆಂಪಾಗಿತ್ತು. ಗೆಣ್ಣುಗಳ ಮೇಲೆ ಒಣಗಿದ ರಕ್ತದ ಗೆರೆಗಳು. ಅಂಗೈಯ ನಡುಭಾಗ ಸುಟ್ಟ ಗಾಯ ಮಾಗುವಾಗಿನ ಹಾಗೆ ತೆಳ್ಳಗೆ ಹೊಳೆಯುತ್ತಿತ್ತು. ಆ ಬಿರುಕುಗಳ ಒಳಗೆಲ್ಲ ಏನೋ ಬೆಳ್ಳಗೆ ಕೂತಿತ್ತು.

“ಇದೇನು ಬಿಳೀದು?”

“ಅಂಟು ಮೇಡಂ. ಮೈದಾ ಅಂಟು. ಎಷ್ಟು ತೊಳೆದ್ರೂ ಒಳಗಡೇದು ಹೋಗಲ್ಲ.”

ಇಂಥದೇ ಇನ್ನೊಂದು ಜೋಡಿ ಕೈಗಳನ್ನು ನಾನು ಆ ದಿನ ಬೆಳಿಗ್ಗೆ ಶವಾಗಾರದ ಫೋಟೋಗಳಲ್ಲಿ ನೋಡಿಬಂದಿದ್ದೆ. ಆ ಕೈಗಳ ಒಡೆಯ, ಈ ಪುಸ್ತಕ ಬೈಂಡಿಂಗ್ ಕಾರ್ಖಾನೆಯ ಚಿಕ್ಕ ಯಜಮಾನ, ಹೋದ ತಿಂಗಳು ಹೆಂಡತಿ ಕಟ್ಟಿಕೊಟ್ಟ ಬ್ರೆಡ್ ತಿಂದು ಇಲ್ಲಿಗೆ ಹತ್ತಿಬರುವ ಮೆಟ್ಟಿಲ ಮೇಲೆ ಉಸಿರುಗಟ್ಟಿ ಸತ್ತ. ವಿಷ ಹಾಕಿದಳೆಂದು ಹೆಂಡತಿಯನ್ನು ಒಳಗೆ ಹಾಕಿದ್ದಾರೆ.

ಅವಳ ಪರ ವಕೀಲರು ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದಾರೆ. ನಾಳೆ ಅವಳ ಜಾಮೀನಿನ ವಿಚಾರಣೆ. ಜಾಮೀನು ಸಿಗದಿದ್ದರೆ ಅವಳ ಮಗಳು ಅಜ್ಜಿಯ ಹತ್ತಿರವೇ ಬೆಳೆಯುತ್ತಾಳೆ. ಅಜ್ಜಿಯೆಂದರೆ ಸತ್ತವನ ತಾಯಿ. ಮಗು ತಟ್ಟೆಯ ಮುಂದೆ ಕೂತಾಗಲೆಲ್ಲ “ನಿಮ್ಮಮ್ಮ ನಿಮ್ಮಪ್ಪನ್ನ ತಿಂದ್ಕೊಂಡ್ಳು” ಎನ್ನುವ ಮಹಾತಾಯಿ. ಜೈಲಿನಲ್ಲಿ ಕಂಡಾಗ ಆ ಹೆಂಗಸು ತನ್ನ ಕೇಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಮಗಳಿಗೆ ಯಾರು ತಲೆ ಬಾಚ್ತಿದ್ದಾರೆ?” ಎಂದಷ್ಟೇ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು.

ಸೂಜಿ ಎಂಬುದು ಇಲ್ಲಿಯವರಿಟ್ಟ ಹೆಸರು. ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸಿ, ದಾರದಿಂದ ಹೊಲಿದು ಪುಸ್ತಕ ಮಾಡುವವಳು. ಆಳೂ ಹಾಗೇ ಸಣಕಲು. ಉಳಿದವರೆಲ್ಲ ಊಟಕ್ಕೆ ಹೊರಗೆ ಹೋಗಿದ್ದರು. ಒಲೆಯ ಮೇಲಿನ ಅಂಟು ತಣ್ಣಗಾದರೆ ಗಂಟುಕಟ್ಟುತ್ತದೆ ಎಂದು ಇವಳು ಮಾತ್ರ ಇಲ್ಲೇ ಕೂತು ತಿನ್ನುತ್ತಾಳೆ. ನಾನು ರಟ್ಟಿನ ಕಟ್ಟಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದೆ. ಈ ಕಟ್ಟಡದ ಮೆಟ್ಟಿಲು ಕಟ್ಟಿದವನಿಗೆ ಮೊಣಕಾಲು ಇರಲಿಲ್ಲವೆಂದು ಕಾಣುತ್ತದೆ.

“ಬ್ರಷ್ ಇಲ್ವಾ ನಿಮ್ಮಲ್ಲಿ?”

“ಇದೆ. ಮೂಲೇಲಿ ಬಿದ್ದಿದೆ. ನಮ್ಮದು ಅಂಗೈ ಅಂಟು ಮೇಡಂ. ಬ್ರಷ್ಷಲ್ಲಿ ಹಚ್ಚಿದ್ರೆ ರಟ್ಟಿನ ಬಟ್ಟೆ ಮೇಲೆ ಗೀರು ಬೀಳುತ್ತೆ, ಅಂಗೈಯಲ್ಲಿ ಸವರಿದ್ರೆ ಕನ್ನಡಿ ಥರ ಕೂರುತ್ತೆ. ಚಿಕ್ಕ ಯಜಮಾನ್ರು ಅದರಲ್ಲಿ ಎತ್ತಿದ ಕೈ. ಅವರ ಪಕ್ಕ ಕೂತೇ ನಾನು ಕಲ್ತಿದ್ದು.”

“ಕೈ ಹೀಗಾಗಿದ್ದು ಯಾವಾಗಿಂದ?”

ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಕಾನೂನು ಪುಸ್ತಕ ಮಾಡಿಸುವ ದೊಡ್ಡ ಗಿರಾಕಿಯೊಬ್ಬ ಬಿಳಿ ಬಟ್ಟೆಯ ರಟ್ಟಿನ ಮೇಲೆ ಬೆರಳ ಗುರುತಿದೆ ಎಂದು ಇಡೀ ಕಟ್ಟನ್ನು ವಾಪಸು ಎಸೆದಿದ್ದ. ಅಂದಿನಿಂದ ಕೈ ತೊಳೆಯುವ ತೊಟ್ಟಿಯ ಹತ್ತಿರ ಸೋಪು ಹೋಗಿ ಬಾಟಲಿ ಬಂತು. ರಟ್ಟು ಮುಟ್ಟುವ ಮುಂಚೆ ಪ್ರತಿಸಲ ಅದರಲ್ಲೇ ಕೈ ತೊಳೆಯಬೇಕು. ಬಾಟಲಿಯೊಳಗೆ ಇದ್ದದ್ದು ಕಟಿಂಗ್ ಮೆಷಿನ್ನಿನ ಗ್ರೀಸ್ ತೆಗೆಯುವ ನೀಲಿ ನೀರು.

“ಉರಿಯುತ್ತೆ ಅಂತ ಹೇಳಲಿಲ್ವಾ?”

“ಚಿಕ್ಕ ಯಜಮಾನ್ರೇ ಹೇಳಿದ್ರು. ‘ಅಣ್ಣಾ, ಕೈ ಉರೀತಿದೆ’ ಅಂತ. ‘ದುಡಿಯೋ ಕೈ ಅಂದ್ಮೇಲೆ ಒರಟಾಗೇ ಇರುತ್ತೆ, ಮದುಮಗನಾ ನೀನು?’ ಅಂದ್ರು ಅವರಣ್ಣ, ದೊಡ್ಡ ಯಜಮಾನ್ರು.”

ನಾನು ಎದ್ದು ತೊಟ್ಟಿಯ ಹತ್ತಿರ ಹೋದೆ. ನೀಲಿ ಬಾಟಲಿಯ ಸುಳಿವೇ ಇರಲಿಲ್ಲ. ಜಿಡ್ಡುಗಟ್ಟಿದ ಕಲ್ಲಿನ ಮೇಲೆ ಒಂದು ಗುಲಾಬಿ ಸೋಪು. ಮೇಲಿನ ಅಕ್ಷರಗಳು ಇನ್ನೂ ಸವೆದಿರಲಿಲ್ಲ, ಅಂಚುಗಳು ಚೂಪಾಗಿದ್ದವು.

“ಇದು ಯಾವಾಗ ಬಂತು?”

“ಇವತ್ತು ಬೆಳಿಗ್ಗೆ. ನೀವು ಬರ್ತೀರಿ ಅಂತ ಫೋನ್ ಮಾಡಿದ್ರಲ್ಲಾ, ಆಮೇಲೆ.”

ಮುಂಚೆಯೇ ಹೇಳಿಬರುವುದು ಮರ್ಯಾದೆ ಎಂದು ನನ್ನ ತಾಯಿ ಕಲಿಸಿದ್ದಳು. ಪತ್ತೇದಾರಿ ಕೆಲಸಕ್ಕೆ ಆ ಮರ್ಯಾದೆ ಎಷ್ಟು ದುಬಾರಿ ಎಂದು ಅವಳಿಗೇನು ಗೊತ್ತು.

ಬೆಳಿಗ್ಗೆ ನಾನು ಹೋಗಿದ್ದು ಶವಪರೀಕ್ಷೆಯ ಡಾಕ್ಟರ ಹತ್ತಿರ. ಎಂಥವರೂ ಕೊನೆಗೆ ಇವರ ಕೈಗೇ ಬರಬೇಕಾದ್ದರಿಂದ ನಮ್ಮ ಠಾಣೆಯಲ್ಲಿ ಅವರಿಗೆ ಕೊನೇ ಡಾಕ್ಟ್ರು ಎಂದು ಹೆಸರು. ಅವರಿಗೂ ಅದು ಗೊತ್ತು, ಬೇಸರವಿಲ್ಲ.

“ವಿಷ ಹುಡುಕೋದು ಬಿಟ್ಬಿಡಿ,” ಎಂದಿದ್ದರು. “ಹೊಟ್ಟೇಲಿ ಇಲ್ಲ, ಎಲ್ಲೂ ಇಲ್ಲ. ಗಂಟಲು ಊದ್ಕೊಂಡು ಮುಚ್ಚಿಹೋಗಿದೆ. ರಕ್ತ ನೋಡಿದ್ರೆ, ಗೋಧಿ ಮೇಲೆ ಯುದ್ಧಕ್ಕೆ ಅವನ ಮೈ ದೊಡ್ಡ ಸೈನ್ಯಾನೇ ಕಟ್ಟಿಟ್ಟಿತ್ತು.”

“ಗೋಧೀನಾ? ಹಲ್ಲು ಬಂದಾಗಿಂದ ಬ್ರೆಡ್ ತಿಂದವನು ಕಣ್ರೀ ಅವನು!”

“ನಾಳೆ ಸರ್ಕಾರಿ ವಕೀಲ ಅದನ್ನೇ ಕೇಳ್ತಾನೆ. ಜಡ್ಜ್ ತಲೆ ಆಡಿಸ್ತಾರೆ.” ಅವರು ಫೋಟೋಗಳನ್ನು ನನ್ನ ಕಡೆ ತಳ್ಳಿದರು. “ಹೊಟ್ಟೆ ಬಿಡಿ, ಕೈ ನೋಡಿ. ನಮ್ಮ ಮೈಗೆ ಒಂದು ಗೋಡೆ ಇದೆ ಅಂತಿಟ್ಕೊಳ್ಳಿ. ಹೊರಗೆ ಚರ್ಮ. ಒಳಗೆ ಮೂಗಿಂದ ಶ್ವಾಸಕೋಶದವರೆಗೆ, ಬಾಯಿಂದ ಕರುಳಿನ ಕೊನೆವರೆಗೆ ತೆಳ್ಳನೆ ಪದರ. ಬಾಯಿ ಅನ್ನೋ ಬಾಗಿಲಿಂದ ಬಂದಿದ್ದನ್ನ ಮೈ ನೆಂಟ ಅಂತ ಕೂರಿಸಿ ಉಪಚಾರ ಮಾಡುತ್ತೆ. ಅದೇ ನೆಂಟ ಗೋಡೆ ಕೊರೆದ್ಕೊಂಡು ಒಳಗೆ ಬಂದ್ರೆ?”

“ಕಳ್ಳ ಅಂತ ಹೊಡೀತಾರೆ.”

“ಒಂದ್ಸಲ ಕಳ್ಳ ಅಂತ ಹೆಸರು ಬಿತ್ತಾ, ಆಮೇಲೆ ಅವನು ಮುಂಬಾಗಿಲಿಂದ ಬಂದ್ರೂ ಹೊಡೀತಾರೆ. ಅದೇ ಆಗಿರೋದು. ಬಿರುಕುಬಿಟ್ಟ ಕೈಯಿಂದ ದಿನಾ ಮೈದಾ, ಅಂದ್ರೆ ಗೋಧೀನೇ, ಒಳಗೆ ಹೋಗಿದೆ. ಆದ್ರೆ ಗೋಡೆ ತಾನಾಗೇ ಒಡೆಯಲ್ಲ. ಅದನ್ನ ಏನೋ ಒಂದು ವಸ್ತು ದಿನಾಲೂ ಕೆರೀತಿತ್ತು. ಅದೇನು ಅಂತ ತಂದ್ಕೊಡಿ. ನನ್ನ ಮಾತಿಗೆ ಕೋರ್ಟಲ್ಲಿ ಕಾಲು ಬರುತ್ತೆ. ಇಲ್ಲದಿದ್ರೆ ಕಥೆ ಹೇಳೋ ಮುದುಕ ಅಂತಾರೆ.”

ಹೊರಡುವಾಗ ಇನ್ನೊಂದು ಮಾತು ಸೇರಿಸಿದ್ದರು. “ಈ ಥರದ್ದರಲ್ಲಿ ತಿಂದು ಸುಮ್ನೆ ಕೂತ್ರೆ ಎಷ್ಟೋ ಸಲ ಏನೂ ಆಗಲ್ಲ. ತಿಂದ ಮೇಲೆ ಓಡಿದ್ರೆ, ಭಾರ ಹೊತ್ರೆ, ಕರುಳಿನ ಗೋಡೆಯೂ ಸಡಿಲ ಆಗುತ್ತೆ. ಅರ್ಧಂಬರ್ಧ ಅರಗಿದ್ದೆಲ್ಲ ರಕ್ತಕ್ಕೆ ನುಗ್ಗುತ್ತೆ.”

ಇದನ್ನೆಲ್ಲ ನೆನೆಯುತ್ತ ತೊಟ್ಟಿಯ ಹತ್ತಿರ ನಿಂತಿದ್ದಾಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ದೊಡ್ಡ ಯಜಮಾನ ಬಂದ. ಸತ್ತವನ ಒಡಹುಟ್ಟಿದ ಅಣ್ಣ, ಒಳಗಿರುವವಳ ಭಾವ. ಮಗುವಿಗೆ ದೊಡ್ಡಪ್ಪ. ನೆಂಟಸ್ತಿಕೆಗೇನೂ ಕೊರತೆಯಿಲ್ಲ.

“ಓಹೋ ಮೇಡಂ, ಊಟದ ಹೊತ್ತಲ್ಲಿ ನಮ್ಮ ಕೆಲಸದವರನ್ನ ವಿಚಾರಣೆ ಮಾಡ್ತಿದ್ದೀರಾ?” ಎಂದು ಕೈಮುಗಿದ. ಮುಗಿದ ಕೈಗಳು ನುಣ್ಣಗೆ, ದುಂಡಗೆ, ಎಣ್ಣೆ ಹಚ್ಚಿದ ಹಾಗಿದ್ದವು.

“ವಿಚಾರಣೆಯೆಲ್ಲ ಠಾಣೆಯವರದು. ನಾನು ಸೋಪು ನೋಡ್ತಿದ್ದೆ. ಹೊಸದು.”

“ಹಳೇದು ಸವೆದುಹೋಯ್ತು.”

“ಹಳೇದು ಸೋಪಲ್ಲ, ನೀಲಿ ನೀರು ಅಂತ ಕೇಳಿದೆ.”

ಅವನು ಸೂಜಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿಕೊಂಡು ಊಟದ ಡಬ್ಬಿ ಮುಚ್ಚಿದಳು.

“ನೋಡಿ ಮೇಡಂ,” ಎಂದು ಕುರ್ಚಿ ಎಳೆದುಕೊಂಡ. “ನಮ್ಮ ಮನೆಗೆ ಆಗಿರೋ ಅನಾಹುತ ನಮಗೇ ಗೊತ್ತು. ತಮ್ಮನ ಹೆಂಡತಿ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ. ಆದ್ರೆ ಅಮ್ಮ ಕಣ್ಣಾರೆ ಕಂಡಿದ್ದಾಳೆ. ಅವಳ ಕೈಯೂಟ ಉಂಡು ಅವನಿಗೆ ಮುಂಚೆನೂ ಎರಡು ಸಲ ಹೀಗೇ ಆಗಿತ್ತು. ಮೈಯೆಲ್ಲ ದದ್ದು, ವಾಂತಿ. ಮೂರನೇ ಸಲಕ್ಕೆ ಗುರಿ ಮುಟ್ಟಿದ್ಲು.”

ನನಗೆ ಬೇಕಾಗಿದ್ದೂ ಅದೇ ಮಾತು.

“ಆ ಎರಡು ಸಲದ ಕಥೆ ಅವನ ಹೆಂಡತಿಯಿಂದ ಕೇಳಿದ್ದೀನಿ, ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊದಲನೇ ಸಲ ತಿಂಡಿ ತಿಂದು ಬಸ್ಸಿನ ಹಿಂದೆ ಓಡಿದ್ದ. ಎರಡನೇ ಸಲ ಮಗಳಿಗೆ ಸೈಕಲ್ ಕಲಿಸ್ತಾ, ಸೀಟು ಹಿಡ್ಕೊಂಡು ಬೀದಿ ತುಂಬ ಓಡಿದ್ದ. ಸತ್ತ ದಿನ ಗಿರಾಕಿಯ ಗಾಡಿ ಬಂತು ಅಂತ ಊಟ ಮುಗಿಸಿದ್ದೇ ಪುಸ್ತಕದ ಕಟ್ಟು ಹೊತ್ಕೊಂಡು ಈ ಮೆಟ್ಟಿಲನ್ನ ಹತ್ತಿ ಇಳಿದು ಮಾಡಿದ್ದ. ರಜಾ ದಿನ ಅದೇ ಹೆಂಡತಿ ಕೈಯಿಂದ ಅದೇ ಬ್ರೆಡ್ ತಿಂದು ಗೊರಕೆ ಹೊಡೀತಿದ್ದನಲ್ಲ, ಅವತ್ತು ಯಾಕೆ ಏನೂ ಆಗಲಿಲ್ಲ? ರಜಾ ದಿನ ಅಂತ ವಿಷಕ್ಕೂ ರಜಾನಾ?”

ಅವನ ನುಣ್ಣನೆಯ ಬೆರಳುಗಳು ಮೇಜಿನ ಅಂಚನ್ನು ಸವರುತ್ತಿದ್ದವು.

ನಾನು ಡಾಕ್ಟರ ಗೋಡೆಯ ಕಥೆಯನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಸಿಟ್ಟು ನೆತ್ತಿಗೇರಿತು. ಸಾಯಿಸಬೇಕೆಂದು ಇವನು ಸಾಯಿಸಲಿಲ್ಲ, ಅದು ನನಗೂ ಗೊತ್ತು. ಆದರೆ ತಮ್ಮ ಕೈ ಉರಿಯುತ್ತಿದೆ ಎಂದಾಗ ನಕ್ಕವನು ಇವನು. ತಮ್ಮನ ಹೆಂಡತಿಗೆ ಕೋಳ ತೊಡಿಸಿದಾಗ ಸುಮ್ಮನೆ ನಿಂತು ನೋಡಿದವನೂ ಇವನೇ.

“ಸೋಪಿನ ನೀರಿಗೆಲ್ಲ ಜನ ಸಾಯ್ತಾರಾ ಮೇಡಂ? ಹಾಗಿದ್ರೆ ಊರಿಗೂರೇ ಸ್ಮಶಾನ ಆಗಬೇಕಿತ್ತು.”

“ಎಲ್ಲರೂ ಸಾಯಲ್ಲ. ಎಲ್ಲರೂ ಬಿರುಕುಬಿಟ್ಟ ಕೈಯನ್ನ ದಿನವಿಡೀ ಮೈದಾದಲ್ಲಿ ಅದ್ದಿ ಕೂರೋದೂ ಇಲ್ಲ. ನಿಮ್ಮ ಮನೆತನದ ಹೆಮ್ಮೆ ಅಂಗೈ ಅಂಟು ನೋಡಿ, ಅದಕ್ಕೆ.”

“ನನಗೇನು ಗೊತ್ತಿತ್ತು?”

“ನೀವು ಎಲ್ಲಿ ಕೈ ತೊಳೀತೀರಿ?”

ಅವನು ಬೆರಳುಗಳನ್ನು ಮಡಿಸಿಕೊಂಡ.

“ನಿಮ್ಮ ಕೋಣೇಲಿ ಬೇರೆ ಸೋಪಿದೆ. ಇಲ್ಲಿಯ ನೀಲಿ ನೀರಲ್ಲಿ ಒಂದ್ಸಲ ಕೈ ತೊಳೆದ ನಿಮ್ಮ ಹೆಂಡತಿಗೆ ವಾರಗಟ್ಟಲೆ ಬೊಬ್ಬೆ ಇತ್ತಂತೆ, ಅವತ್ತಿಂದ ಇದೆ. ಹೆಂಡತಿ ಚರ್ಮ ಚರ್ಮ, ತಮ್ಮಂದು ರಟ್ಟಾ?”

ಮಾತು ಅವನಿಗೆ ತಾಗಿತು. ಕಿವಿಯ ತುದಿ ಕೆಂಪಾಯಿತು. ಒಂದು ಗಳಿಗೆ ಅತ್ತುಬಿಡುತ್ತಾನೇನೋ ಎನಿಸಿತು, ನಿಜ ಹೇಳಬೇಕೆಂದರೆ ಅತ್ತರೆ ಸಾಕೆಂದು ನಾನು ಕಾದೆ. ಅಳಲಿಲ್ಲ. ಮೂಗಿನಿಂದ ಒಂದು ಉಸಿರು ಬಿಟ್ಟು ನೇರವಾಗಿ ಕೂತ.

“ನೀಲಿ ನೀರು ಅಂತೀರಿ. ಎಲ್ಲಿದೆ? ತೋರಿಸಿ. ತೊಟ್ಟೀಲಿ ಸೋಪಿದೆ. ಮೆಷಿನ್ ಹತ್ತಿರ ಸೀಮೆಎಣ್ಣೆ ಇದೆ. ಉಳಿದಿದ್ದು ನಿಮ್ಮ ಮಾತು, ಇವಳ ಮಾತು. ಇವಳ ಮಾತು ನಾಳೆ ಏನಾಗಿರುತ್ತೋ ನೋಡೋಣ.”

ಸೂಜಿ ಆ ಹೊತ್ತಿಗೆ ಕಿಟಕಿಯ ಹತ್ತಿರ ನಿಂತಿದ್ದಳು. ಅವಳ ಬೆನ್ನು ನನ್ನ ಕಡೆಗಿತ್ತು. ತಿರುಗಿದಾಗ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಹಟವಿತ್ತು.

“ಗುಜರಿ ಗಾಡಿಗೆ ಕೊಟ್ಟಿದ್ದಾರೆ ಮೇಡಂ. ನೀಲಿ ಕ್ಯಾನು, ಬಾಟಲಿ ಎರಡೂ. ಹಳೇ ರಟ್ಟಿನ ಜೊತೆ ಈಗ ತಾನೇ ಹಾಕ್ಸಿದ್ರು. ಗಾಡಿ ಇನ್ನೂ ಬೀದಿ ತಿರುವಲ್ಲೇ ಇದೆ, ಕಾಣ್ತಿದೆ!”

“ಏಯ್!” ಎಂದ ಯಜಮಾನ.

ನಾನು ಎದ್ದೆ. ಮೊಣಕಾಲು ಕಟ್ಟೆಂದಿತು. ನಾನು ಆ ಮೆಟ್ಟಿಲಿಳಿಯುವಷ್ಟರಲ್ಲಿ ಗಾಡಿ ಊರಾಚೆ ಇರುತ್ತದೆ. ನಾಳೆ ಕೋರ್ಟು. ಜೈಲಿನ ಕಂಬಿ ಹಿಡಿದು ನಿಂತ ಆ ಹೆಂಗಸಿನ ಮುಖ ಕಣ್ಣೆದುರು ಬಂತು.

“ಓಡು ಸೂಜಿ! ಹಿಡಿ ಅದನ್ನ! ಕ್ಯಾನು ತಗೊಂಡು ಬಾ!”

ಅವಳು ಬಾಣದ ಹಾಗೆ ಹೊರಟಳು. ಯಜಮಾನ ಅಡ್ಡ ಬರುತ್ತಾನೆಂದು ನಾನು ಬಾಗಿಲಿಗೆ ಅಡ್ಡಲಾಗಿ ನಿಂತೆ. ಅವನು ಬರಲಿಲ್ಲ. ಅರ್ಧ ಎದ್ದವನು, ಬಾಯಿ ತೆರೆದವನು, ಮೇಜಿನ ಮೇಲಿದ್ದ ಅವಳ ಊಟದ ಡಬ್ಬಿಯ ಕಡೆ ನೋಡಿದ. ಬಾಯಿ ಮುಚ್ಚಿಕೊಂಡು ಮತ್ತೆ ಕೂತ.

ಇವನೇಕೆ ಇಷ್ಟು ಬೇಗ ಸೋತ ಎಂದುಕೊಂಡೆ. ಕಿಟಕಿಗೆ ಹೋಗಿ ಬಗ್ಗಿ ನೋಡಿದೆ. ಸೂಜಿ ಬೀದಿಯ ನಡುವೆ ಓಡುತ್ತಿದ್ದಳು, ಚಪ್ಪಲಿ ಕೂಡ ಬಿಟ್ಟು. ಗಾಡಿಯವನು ನಿಲ್ಲಿಸಿದ. ಏನೋ ಜಗಳ, ಕೈ ಬೀಸಾಟ. ಕೊನೆಗೆ ನೀಲಿ ಕ್ಯಾನನ್ನು ಎದೆಗವಚಿಕೊಂಡು ಅವಳು ವಾಪಸು ಓಡತೊಡಗಿದಳು. ನನಗೆ ಕೂಗಿ ಕುಣಿಯಬೇಕೆನಿಸಿತು.

“ಬಂತು ನೋಡಿ ನಿಮ್ಮ ನೀಲಿ ನೀರು,” ಎಂದೆ.

“ಬರಲಿ,” ಎಂದ. “ಅವಳೂ ಅಂಗೈ ಅಂಟಿನವಳೇ ಮೇಡಂ. ತಮ್ಮನ ಪಕ್ಕದಲ್ಲೇ ಕೂರ್ತಿದ್ಲು.”

ಅವನು ಏನು ಹೇಳುತ್ತಿದ್ದಾನೆಂದು ತಲೆಗೆ ಹೋಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸೀಳಿದ ಬೆರಳ ಸಂದಿ. ಬಾಯಿ ತುಂಬ ಬ್ರೆಡ್. ಓಡು ಎಂದ ನನ್ನ ದನಿ.

“ನಿಮಗೆ ಗೊತ್ತಾಯ್ತು! ಗೊತ್ತಾಗಿಯೂ ಬಾಯಿ ಬಿಡಲಿಲ್ಲ!”

“ಪಾಠ ಮಾಡಿದ್ದು ನೀವು. ನಾನು ಗಮನ ಇಟ್ಟು ಕೇಳಿದೆ, ಅಷ್ಟೇ.”

ನಾನು ಕಂಬಿ ಹಿಡಿದು ಮೆಟ್ಟಿಲಿಳಿದೆ. “ಸೂಜಿ, ನಿಲ್ಲು! ಅಲ್ಲೇ ಕೂತ್ಕೋ! ಹತ್ತಬೇಡ!” ಎಂದು ಕಿರುಚಿದೆ. ಅವಳು ಆಗಲೇ ಮೆಟ್ಟಿಲ ತಿರುವಿಗೆ ಹತ್ತಿಬಂದಿದ್ದಳು. ಕ್ಯಾನನ್ನು ಒಂದು ತೋಳಲ್ಲಿ ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಕುತ್ತಿಗೆ ಕೆರೆದುಕೊಳ್ಳುತ್ತಿದ್ದಳು. ಕುತ್ತಿಗೆಯೆಲ್ಲ ಕೆಂಪು ದದ್ದು. ತುಟಿ ಒಂದು ಕಡೆ ಊದಿತ್ತು.

“ಸಿಕ್ತು ಮೇಡಂ,” ಎಂದಳು. ನಗಲು ನೋಡಿದಳು. “ನಾಲಿಗೆ ಯಾಕೋ... ದಪ್ಪ ಆಗ್ತಿದೆ.”

ಗೋಡೆಗೆ ಒರಗಿ ಜಾರಿ ಕೂತಳು. ನಾನೂ ಅಲ್ಲೇ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಡಾಕ್ಟರಿಗೆ ಫೋನ್ ಹಚ್ಚಿದೆ.

“ಎಬ್ಬಿಸಬೇಡಿ, ನಡೆಸಬೇಡಿ,” ಎಂದು ಅವರು ಕೂಗಿದರು. “ತಲೆ ಸ್ವಲ್ಪ ಎತ್ತರಕ್ಕೆ ಹಿಡ್ಕೊಂಡೇ ಇರಿ. ಬಿಟ್ರೆ ಉಸಿರು ಕಟ್ಟುತ್ತೆ. ಆಂಬುಲೆನ್ಸ್ ಕಳಿಸ್ತೀನಿ, ಇಂಜೆಕ್ಷನ್ ತಗೊಂಡು ನಾನೂ ಬರ್ತೀನಿ. ಕೈ ಬಿಡಬೇಡಿ!”

ಸೂಜಿಯ ತೋಳಿನಿಂದ ಕ್ಯಾನು ಜಾರಿ ಕೆಳಗಿನ ಮೆಟ್ಟಿಲಿಗೆ ಉರುಳಿ ನಿಂತಿತು. ಕೈ ಚಾಚಿದೆ, ಎಟುಕಲಿಲ್ಲ. ಅವಳ ತಲೆ ಕೆಳಗಿಟ್ಟು ಒಂದು ಹೆಜ್ಜೆ ಇಟ್ಟಿದ್ದರೆ ಸಿಗುತ್ತಿತ್ತು. ಅಷ್ಟೇ ದೂರ.

ಮೇಲಿನಿಂದ ಬೂಟಿನ ಸದ್ದು ಇಳಿದು ಬಂತು, ಸ್ವಲ್ಪವೂ ಆತುರವಿಲ್ಲದೆ. ಯಜಮಾನ ನಮ್ಮಿಬ್ಬರನ್ನೂ ದಾಟಿಕೊಂಡು ಹೋಗಿ ಬಗ್ಗಿ ಕ್ಯಾನನ್ನು ಎತ್ತಿಕೊಂಡ.

“ಇಡ್ರೀ ಅದನ್ನ! ಅಲ್ಲಿ ಒಂದು ಮಗು ತಾಯಿಗೆ ಕಾಯ್ತಿದೆ ಕಣ್ರೀ, ನಿಮ್ಮ ತಮ್ಮನ ಮಗು!”

ತೊಡೆಯ ಮೇಲೆ ಸೂಜಿಯ ಉಸಿರು ಸಿಳ್ಳೆ ಹೊಡೆಯತೊಡಗಿತ್ತು. ಅವಳ ಬಿರುಕುಬಿಟ್ಟ ಬೆರಳುಗಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದವು. ನಾನು ಏಳಲಾರೆನೆಂದು ಅವನಿಗೆ ಗೊತ್ತಿತ್ತು. ಬೀದಿಬಾಗಿಲಲ್ಲಿ ಒಮ್ಮೆ ತಿರುಗಿ ನಿಂತ.

“ಓಡಿ ಬರಬೇಡಿ ಮೇಡಂ,” ಎಂದ. “ಅವಳನ್ನ ನೋಡ್ಕೊಳ್ಳಿ. ಓಡು ಅಂದಿದ್ದು ನೀವೇ. ಅವಳಿಗೆ ಯಾರು ವಿಷ ಹಾಕಿದ್ರು ಅಂತ ನಾಳೆ ಕೋರ್ಟಲ್ಲಿ ನೀವೇ ಹೇಳಬೇಕಲ್ಲ.”